ಇಂಜಿನ್ ಬಿಚ್ಚಿಸ್ಬೇಕಾ, ಗುಜರಿಗೆ ಹಾಕ್ಬೇಕಾ? ಹಳೇ ಲಾರಿ ಮಾಲೀಕರ ಮುಂದಿರೋ ಲೆಕ್ಕ

ಚಿತ್ರದುರ್ಗ: ಈರುಳ್ಳಿ ಸೀಸನ್ ಬಂತು ಅಂದ್ರೆ ಚಳ್ಳಕೆರೆ, ಹಿರಿಯೂರು ಕಡೆ ಲಾರಿಗೆ ಎಲ್ಲಿಲ್ಲದ ಬೇಡಿಕೆ. ಅದು ಮುಗೀತಿದ್ದಂಗೆ ಶೇಂಗಾ, ಮೆಕ್ಕೆಜೋಳ. ಹೊಳಲ್ಕೆರೆ, ಹೊಸದುರ್ಗ ಕಡೆ ಅಡಿಕೆ. ವರ್ಷಪೂರ್ತಿ ಜಲ್ಲಿ, ಎಂ-ಸ್ಯಾಂಡ್, ಸಿಮೆಂಟ್. ಇಂಥಾ ಹೊತ್ತಲ್ಲಿ ಒಂದು ಲಾರಿ ಹೆಡ್ ಬಿಚ್ಚಿಸ್ಕೊಂಡು ಗ್ಯಾರೇಜಿನಲ್ಲಿ ಹದಿನೈದು ದಿನ ನಿಂತ್ರೆ ಅದರ ಮಾಲೀಕನ ಮನೆಯಲ್ಲಿ ಒಲೆ ಉರಿಯೋದೂ ಕಷ್ಟ.

ಮೊದಲೆಲ್ಲ ಇದು ಅಷ್ಟು ದೊಡ್ಡ ಪ್ರಶ್ನೆ ಆಗಿರ್ಲಿಲ್ಲ. ಇಂಜಿನ್ ಸವೀತು ಅಂದ್ರೆ ಬೋರ್ ಮಾಡಿಸೋದು, ಮತ್ತೆ ಐದಾರು ವರ್ಷ ಓಡಿಸೋದು. ಈಗ ಹಾಗಿಲ್ಲ. ಕೇಂದ್ರ ಸರ್ಕಾರ 2025ರ ನವೆಂಬರ್‌ನಲ್ಲಿ ಮೋಟಾರು ವಾಹನ ನಿಯಮಕ್ಕೆ ತಂದ ತಿದ್ದುಪಡಿ ಪ್ರಕಾರ 20 ವರ್ಷ ದಾಟಿದ ಭಾರಿ ಲಾರಿಯ ಫಿಟ್‌ನೆಸ್ ಪರೀಕ್ಷೆ ಶುಲ್ಕವೇ 25,000 ರೂ. ಹೀಗಾಗಿ ಇಂಜಿನ್ ಕೆಲಸಕ್ಕೆ ಕೈ ಹಾಕೋ ಮೊದಲು ಮಾಲೀಕರು ಕೇಳ್ಬೇಕಾದ ಪ್ರಶ್ನೆ ಬದಲಾಗಿದೆ. ಇಂಜಿನ್ ರಿಪೇರಿ ಆಗುತ್ತಾ ಅನ್ನೋದು ಈಗ ಎರಡನೇ ಪ್ರಶ್ನೆ. ರಿಪೇರಿ ಆದ್ಮೇಲೆ ಗಾಡಿ ಎಷ್ಟು ವರ್ಷ ರಸ್ತೆ ಮೇಲಿರುತ್ತೆ ಅನ್ನೋದೇ ಮೊದಲನೆಯದು.

ಇದು ಬರೀ ಲಾರಿಯವರ ವಿಷಯ ಅಂತ ಅಂಗಡಿಯವರು ಅಂದ್ಕೊಳ್ಳೋ ಹಾಗಿಲ್ಲ. ತಾಲ್ಲೂಕಿನ ಕಿರಾಣಿ, ಗೊಬ್ಬರ, ಹಾರ್ಡ್‌ವೇರ್ ಅಂಗಡಿಗಳಿಗೆ ಮಾಲು ತರೋದ್ರಲ್ಲಿ, ಮಂಡಿಯಿಂದ ಮಾಲು ಹೊರಡಿಸೋದ್ರಲ್ಲಿ ಈ ಒಂಟಿ ಲಾರಿ ಮಾಲೀಕರ ಪಾಲು ಸಣ್ಣದಲ್ಲ. ಅವರ ಲೆಕ್ಕ ತಪ್ಪಿದ್ರೆ ಬಾಡಿಗೆ ಏರುತ್ತೆ.

ಒಂದರ ಮೇಲೊಂದು ಹೊರೆ

ಹಿಂದಿನ ಎರಡು ವರ್ಷ ನೋಡಿ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನ ಶೇ. 14.34ರಿಂದ ಶೇ. 18.44ಕ್ಕೆ ಏರಿಸ್ತು. 2025ರ ಏಪ್ರಿಲ್ 1ರಿಂದ ಅದು ಶೇ. 21.17 ಆಯ್ತು, ಲೀಟರಿಗೆ 2 ರೂ. ಜಾಸ್ತಿ ಆಗಿ ಬೆಂಗಳೂರಲ್ಲಿ ಡೀಸೆಲ್ 91 ರೂ. ದಾಟ್ತು. ಅದೇ ತಿಂಗಳು 14ರ ಮಧ್ಯರಾತ್ರಿಯಿಂದ ರಾಜ್ಯದ ಲಾರಿ ಮಾಲೀಕರು ಮುಷ್ಕರ ಹೂಡಿದ್ರು. ಡೀಸೆಲ್ ದರ, ರಾಜ್ಯ ಹೆದ್ದಾರಿ ಟೋಲ್, ಗಡಿ ಚೆಕ್‌ಪೋಸ್ಟ್ ಇವೆಲ್ಲ ಬೇಡಿಕೆ ಪಟ್ಟಿಯಲ್ಲಿದ್ವು. ಮಾತುಕತೆ ಆದ್ಮೇಲೆ ಮುಷ್ಕರ ಕೈಬಿಟ್ರು, ಗಾಡಿಗಳು ರಸ್ತೆಗೆ ಬಂದ್ವು. ಡೀಸೆಲ್ ಖರ್ಚು ಮಾತ್ರ ಮಾಲೀಕರ ತಲೆ ಮೇಲೆ ಹಾಗೇ ಉಳೀತು.

ಆಮೇಲೆ ಬಂದಿದ್ದು ಎಫ್‌ಸಿ ಶುಲ್ಕ. ಗಾಡಿ ವಯಸ್ಸನ್ನ 10 ವರ್ಷ, 15 ವರ್ಷ, 20 ವರ್ಷ ಅಂತ ಹಂತ ಮಾಡಿ, ವಯಸ್ಸು ಹೆಚ್ಚಿದಂಗೆಲ್ಲ ಶುಲ್ಕ ಹೆಚ್ಚು ಅಂತ ಮಾಡಿದ್ದಾರೆ. ಎಂಟು ವರ್ಷದವರೆಗಿನ ವಾಣಿಜ್ಯ ವಾಹನಕ್ಕೆ ಎರಡು ವರ್ಷಕ್ಕೊಮ್ಮೆ ಎಫ್‌ಸಿ, ಅದರ ಮೇಲಿನದ್ದಕ್ಕೆ ಪ್ರತಿ ವರ್ಷ. ಅಂದ್ರೆ 2004, 2005ನೇ ಮಾಡೆಲ್ ಲಾರಿ ಇಟ್ಕೊಂಡವರಿಗೆ ಇದು ವರ್ಷ ವರ್ಷದ ಖರ್ಚು. ಎಫ್‌ಸಿ ಇಲ್ಲದೆ ಓಡಿಸಿದ್ರೆ ದಂಡ ಬೀಳುತ್ತೆ, ಅಪಘಾತ ಆದಾಗ ಇನ್ಶೂರೆನ್ಸ್‌ನವರು ತಕರಾರು ತೆಗೀತಾರೆ. ಹಾಗಾಗಿ ತಪ್ಪಿಸ್ಕೊಳ್ಳೋ ದಾರಿ ಇಲ್ಲ.

ಇದರ ಜೊತೆ 2021ರ ಆಗಸ್ಟ್‌ನಲ್ಲಿ ಘೋಷಣೆ ಆದ ಗುಜರಿ ನೀತಿ ಇದೆ. ಗಾಡಿಯನ್ನ ನೋಂದಾಯಿತ ಗುಜರಿ ಕೇಂದ್ರಕ್ಕೆ ಕೊಟ್ರೆ ಒಂದು ಸರ್ಟಿಫಿಕೇಟ್ ಕೊಡ್ತಾರೆ. ಅದನ್ನ ತೋರಿಸಿ ಹೊಸ ವಾಣಿಜ್ಯ ವಾಹನ ತಗೊಂಡ್ರೆ ರಸ್ತೆ ತೆರಿಗೆಯಲ್ಲಿ ಶೇ. 15ರವರೆಗೆ ರಿಯಾಯಿತಿಗೆ ಅವಕಾಶ ಇದೆ. 2025ರ ಸೆಪ್ಟೆಂಬರ್ 22ರಿಂದ ಲಾರಿ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳೀತು. ಬಿಡಿಭಾಗಗಳಿಗೂ ಈಗ ಶೇ. 18. ಸರ್ಕಾರದ ಲೆಕ್ಕ ಸರಳ: ಹಳೇದನ್ನ ದುಬಾರಿ ಮಾಡು, ಹೊಸದನ್ನ ಸ್ವಲ್ಪ ಅಗ್ಗ ಮಾಡು, ಜನ ತಾವಾಗೇ ಬದಲಾಯಿಸ್ತಾರೆ.

ಆದ್ರೆ ಜನ ಬದಲಾಯಿಸ್ತಾರಾ? ಅದಕ್ಕೆ ಮೊದಲು ಹಳೇ ಇಂಜಿನ್ ಒಳಗೆ ಏನಾಗಿರುತ್ತೆ ಅಂತ ನೋಡ್ಬೇಕು.

ಎಲ್ಲ ಹೊಗೆಯೂ ಇಂಜಿನ್ ಹೋಗಿರೋ ಹೊಗೆ ಅಲ್ಲ

ಗ್ಯಾರೇಜಿಗೆ ಬರೋ ದೂರು ಹೆಚ್ಚುಕಮ್ಮಿ ಒಂದೇ ಥರ. "ಅಣ್ಣ, ಪಿಕಪ್ ಇಲ್ಲ, ಆಯಿಲ್ ಕುಡೀತೈತೆ, ಬೆಳಿಗ್ಗೆ ಸ್ಟಾರ್ಟ್ ಆಗಲ್ಲ, ಹೊಗೆ ಹೊಡೀತೈತೆ." ಕೇಳಿದ ತಕ್ಷಣ ಇಂಜಿನ್ ಇಳಿಸೋಣ ಅನ್ನೋ ಮೇಸ್ತ್ರಿನೂ ಇದ್ದಾರೆ, ಮೊದಲು ಹೊಗೆ ಬಣ್ಣ ನೋಡೋ ಮೇಸ್ತ್ರಿನೂ ಇದ್ದಾರೆ. ದುಡ್ಡು ಉಳಿಯೋದು ಎರಡನೆಯವರ ಹತ್ರ.

ಕಪ್ಪು ಹೊಗೆ ಬಂದ್ರೆ ಡೀಸೆಲ್ ಜಾಸ್ತಿ ಹೋಗ್ತಿದೆ ಅಥವಾ ಗಾಳಿ ಕಮ್ಮಿ ಸಿಗ್ತಿದೆ. ಏರ್ ಫಿಲ್ಟರ್ ಕಟ್ಟಿರಬಹುದು, ನಾಝಲ್ ಹಾಳಾಗಿರಬಹುದು, ಪಂಪ್ ಸೆಟ್ಟಿಂಗ್ ತಪ್ಪಿರಬಹುದು, ಟರ್ಬೊ ಸರಿಯಾಗಿ ತಿರುಗ್ತಿಲ್ಲದೆ ಇರಬಹುದು. ಇಂಜಿನ್ ಬಿಚ್ಚೋ ಅಗತ್ಯವೇ ಇಲ್ಲ.

ನೀಲಿ ಹೊಗೆ ಬಂದ್ರೆ ಆಯಿಲ್ ಉರೀತಿದೆ ಅಂತ. ಅದು ಪಿಸ್ಟನ್ ರಿಂಗ್ ಸವೆದು ಮೇಲೆ ಬರ್ತಿರಬಹುದು, ವಾಲ್ವ್ ಗೈಡ್‌ನಿಂದ ಇಳೀತಿರಬಹುದು, ಟರ್ಬೊ ಸೀಲ್ ಹೋಗಿರಬಹುದು. ಮೂರಕ್ಕೂ ಖರ್ಚು ಬೇರೆ ಬೇರೆ.

ಬಿಳಿ ಹೊಗೆ ಬೆಳಗಿನ ಚಳಿಯಲ್ಲಿ ಸ್ವಲ್ಪ ಹೊತ್ತು ಬಂದು ನಿಂತ್ರೆ ಡೀಸೆಲ್ ಸರಿಯಾಗಿ ಉರಿಯದೆ ಹೋಗ್ತಿದೆ, ಕಂಪ್ರೆಶನ್ ಕಮ್ಮಿ ಅಥವಾ ಟೈಮಿಂಗ್ ತಪ್ಪಿದೆ ಅಂತ. ನಿಲ್ಲದೆ ಬರ್ತಾನೇ ಇದ್ದು, ರೇಡಿಯೇಟರ್‌ನಲ್ಲಿ ಗುಳ್ಳೆ ಎದ್ದು, ನೀರು ಕಮ್ಮಿ ಆಗ್ತಿದ್ರೆ ಹೆಡ್ ಗ್ಯಾಸ್ಕೆಟ್ ಅಥವಾ ಹೆಡ್ ಕ್ರ್ಯಾಕ್ ಅನುಮಾನ.

ಇಂಜಿನ್ ನಿಜವಾಗಲೂ ಸವೆದಿದೆಯಾ ಅಂತ ತಿಳಿಯೋಕೆ ಹಳೇ ಪರೀಕ್ಷೆಗಳು ಈಗಲೂ ಕೆಲಸ ಮಾಡ್ತವೆ. ಇಂಜಿನ್ ಬಿಸಿ ಆದ್ಮೇಲೆ ಆಯಿಲ್ ಹಾಕೋ ಕ್ಯಾಪ್ ತೆಗೆದು ನೋಡಿದ್ರೆ ಗುಪ್ ಗುಪ್ ಅಂತ ಹೊಗೆ ಒತ್ತಿಕೊಂಡು ಬರ್ತಿದ್ರೆ ರಿಂಗ್ ದಾಟಿ ಗ್ಯಾಸ್ ಕೆಳಗಿಳೀತಿದೆ ಅಂತ ಅರ್ಥ. ಹಳೇ ಮೆಕ್ಯಾನಿಕಲ್ ಪಂಪ್ ಗಾಡಿಯಲ್ಲಿ ಒಂದೊಂದೇ ನಾಝಲ್ ಪೈಪಿನ ನಟ್ ಸಡಿಲ ಮಾಡಿದಾಗ ಇಂಜಿನ್ ಸದ್ದು ಬದಲಾಗದಿದ್ರೆ ಆ ಸಿಲಿಂಡರ್ ಕೆಲಸ ಮಾಡ್ತಿಲ್ಲ ಅಂತ ಗೊತ್ತಾಗುತ್ತೆ. ಬಿಸಿ ಇಂಜಿನ್ ಐಡ್ಲಿಂಗ್‌ನಲ್ಲಿದ್ದಾಗ ಆಯಿಲ್ ಪ್ರೆಶರ್ ಮುಳ್ಳು ತೀರಾ ಕೆಳಗಿಳಿದ್ರೆ ಕ್ರ್ಯಾಂಕ್ ಬೇರಿಂಗ್ ಸವೆದಿರೋ ಸಾಧ್ಯತೆ ಜಾಸ್ತಿ. ಇದರ ಮೇಲೆ ಕಂಪ್ರೆಶನ್ ಗೇಜ್ ಹಾಕಿ ಆರೂ ಸಿಲಿಂಡರ್ ಅಳೆದು ಬರೆದಿಟ್ಕೊಂಡ್ರೆ ಅನುಮಾನವೇ ಇರಲ್ಲ. ಅರ್ಧ ದಿನದ ಕೆಲಸ. ಲಕ್ಷದ ಮಾತು ಆಮೇಲೆ.

ಇಲ್ಲಿ ಇಂಜಿನ್ ಬೇಗ ಸವೆಯೋದ್ಯಾಕೆ

ಜಿಲ್ಲೆಯ ಲಾರಿಗಳಿಗೆ ಮೂರು ಶತ್ರು. ಒಂದು ಧೂಳು. ಗಣಿ, ಕ್ವಾರಿ, ಕ್ರಷರ್ ರಸ್ತೆಯಲ್ಲಿ ಓಡೋ ಗಾಡಿಯ ಏರ್ ಫಿಲ್ಟರ್ ವಾರದಲ್ಲೇ ಕಟ್ಟುತ್ತೆ. ಫಿಲ್ಟರ್‌ನಿಂದ ಇಂಜಿನ್‌ಗೆ ಹೋಗೋ ರಬ್ಬರ್ ಹೋಸ್ ಒಂದು ಕಡೆ ಸೀಳಿದ್ರೂ ಸಾಕು, ಆ ಸಣ್ಣ ಧೂಳು ಆಯಿಲ್ ಜೊತೆ ಸೇರಿ ಸಿಲಿಂಡರನ್ನ ಮರಳು ಕಾಗದ ಉಜ್ಜಿದಂಗೆ ಉಜ್ಜುತ್ತೆ. ಹೊಸ ರಿಂಗ್ ಹಾಕಿ ಹೋಸ್ ಕ್ಲಿಪ್ ಹಳೇದೇ ಬಿಟ್ರೆ ಕೆಲವೇ ತಿಂಗಳಲ್ಲಿ ಮತ್ತೆ ಅದೇ ಕಥೆ.

ಎರಡನೆಯದು ನೀರು. ನಮ್ಮ ಕಡೆ ಬೋರ್‌ವೆಲ್ ನೀರು ಗಡಸು. ಕೂಲೆಂಟ್ ಬದಲು ಅದನ್ನೇ ರೇಡಿಯೇಟರ್‌ಗೆ ತುಂಬಿದ್ರೆ, ಅಡುಗೆ ಪಾತ್ರೆಗೆ ಕಟ್ಟೋ ಹಾಗೆ ಒಳಗೆಲ್ಲ ಬಿಳಿ ಪದರ ಕಟ್ಟುತ್ತೆ. ಇಂಜಿನ್ ಶಾಖ ನೀರಿಗೆ ಹೋಗಲ್ಲ, ಹೆಡ್ ಬಾಗುತ್ತೆ, ಪಿಸ್ಟನ್ ಕಚ್ಚುತ್ತೆ.

ಮೂರನೆಯದು ಓವರ್‌ಲೋಡ್, ಅದರಲ್ಲೂ ಏರು ರಸ್ತೆಯಲ್ಲಿ ಗೇರ್ ಇಳಿಸದೆ ಇಂಜಿನನ್ನ ಉಸಿರುಕಟ್ಟಿಸಿ ಎಳೆಸೋದು. ಇದಕ್ಕೆ ಡ್ರೈವರ್ ಒಬ್ಬನನ್ನೇ ಬೈಯೋ ಹಾಗಿಲ್ಲ. ಎರಡು ಟ್ರಿಪ್ಪಿನ ಮಾಲನ್ನ ಒಂದೇ ಟ್ರಿಪ್ಪಿನ ಬಾಡಿಗೆಯಲ್ಲಿ ತರ್ಸೋ ವ್ಯಾಪಾರಿಗೂ ಇದರಲ್ಲಿ ಪಾಲಿದೆ.

ಹಾಫ್ ಇಂಜಿನ್, ಫುಲ್ ಇಂಜಿನ್

ಗ್ಯಾರೇಜ್ ಭಾಷೆಯಲ್ಲಿ ಕೆಲಸ ಎರಡು ಥರ. ಹಾಫ್ ಇಂಜಿನ್ ಅಂದ್ರೆ ರಿಂಗ್, ಬೇರಿಂಗ್, ಗ್ಯಾಸ್ಕೆಟ್ ಹಾಕಿ, ವಾಲ್ವ್ ಗ್ರೈಂಡಿಂಗ್ ಮಾಡಿಸಿ ಮುಚ್ಚೋದು. ಫುಲ್ ಇಂಜಿನ್ ಅಂದ್ರೆ ಬ್ಲಾಕ್ ಇಳಿಸಿ ಲೇತ್‌ಗೆ ಕಳ್ಸಿ ಬೋರ್ ಮಾಡಿಸೋದು ಅಥವಾ ಲೈನರ್ ಬದಲಾಯಿಸೋದು, ಹೊಸ ಪಿಸ್ಟನ್, ಕ್ರ್ಯಾಂಕ್ ಗ್ರೈಂಡಿಂಗ್, ಹೆಡ್ ಕೆಲಸ, ಪಂಪ್ ಮತ್ತು ನಾಝಲ್ ಸರ್ವಿಸ್ ಎಲ್ಲ ಸೇರಿ.

ಯಾವುದು ಬೇಕು ಅನ್ನೋದನ್ನ ಬಾಯಿಮಾತಲ್ಲ, ಬೋರ್ ಗೇಜ್ ಹೇಳ್ಬೇಕು. ಸಿಲಿಂಡರ್ ಎಲ್ಲ ಕಡೆ ಒಂದೇ ಥರ ಸವೆಯಲ್ಲ. ಪಿಸ್ಟನ್ ಮೇಲೆ ಬಂದು ತಿರುಗೋ ಜಾಗದಲ್ಲಿ ಶಾಖ ಜಾಸ್ತಿ, ಆಯಿಲ್ ಕಮ್ಮಿ, ಅಲ್ಲೇ ಸವೆತ ಹೆಚ್ಚು. ಕೈಬೆರಳಲ್ಲಿ ಸವರಿದ್ರೆ ಮೇಲ್ಗಡೆ ಒಂದು ಅಂಚು ಸಿಗುತ್ತಲ್ಲ, ಅದೇ ಸಾಕ್ಷಿ. ಮೇಲೆ, ನಡುವೆ, ಕೆಳಗೆ ಮೂರು ಕಡೆ, ಅಡ್ಡ ಉದ್ದ ಎರಡೂ ದಿಕ್ಕಲ್ಲಿ ಅಳೆದ್ರೆ ಸಿಲಿಂಡರ್ ಎಷ್ಟು ಅಗಲ ಆಗಿದೆ, ಎಷ್ಟು ಮೊಟ್ಟೆ ಆಕಾರ ಆಗಿದೆ ಅಂತ ಗೊತ್ತಾಗುತ್ತೆ. ಕಂಪನಿ ಹೇಳಿದ ಮಿತಿ ದಾಟಿದ ಸಿಲಿಂಡರ್‌ಗೆ ಹೊಸ ರಿಂಗ್ ಹಾಕೋದು ತೂತು ಬಿದ್ದ ಕೊಡಕ್ಕೆ ನೀರು ತುಂಬಿದಂಗೆ.

ನಮ್ಮ ರಸ್ತೆಗಳಲ್ಲಿ ಹೆಚ್ಚು ಕಾಣೋ ಹಳೇ ಟಾಟಾ ಲಾರಿಗಳ 697 ಇಂಜಿನ್ ಹೆಸರಲ್ಲೇ ಅದರ ಅಳತೆ ಇದೆ. ಆರು ಸಿಲಿಂಡರ್, 97 ಮಿ.ಮೀ. ಬೋರ್. ಆಮೇಲೆ ಬಂದ ಕಮ್ಮಿನ್ಸ್ 6ಬಿಟಿ, 5.9 ಲೀಟರಿನದ್ದು, ಬೋರ್ 102 ಮಿ.ಮೀ., ಸ್ಟ್ರೋಕ್ 120 ಮಿ.ಮೀ. ಇದರಲ್ಲಿ ಪ್ರತ್ಯೇಕ ಲೈನರ್ ಇರಲ್ಲ, ಬ್ಲಾಕಿನಲ್ಲೇ ಬೋರ್ ಇರುತ್ತೆ. ಸವೆದಾಗ 0.5 ಮಿ.ಮೀ. ಓವರ್‌ಸೈಜ್, ಅದಾದ್ಮೇಲೆ 1 ಮಿ.ಮೀ. ಓವರ್‌ಸೈಜ್ ಪಿಸ್ಟನ್ ಹಾಕಬಹುದು. ಅದೂ ಮುಗಿದ್ರೆ ಸ್ಲೀವ್ ಕೂರಿಸ್ಬೇಕು. ಹಾಗಾಗಿ ಹಳೇ ಗಾಡಿ ತಗೊಳ್ಳೋವಾಗ ಈಗಾಗಲೇ ಎಷ್ಟು ಸಲ ಬೋರ್ ಆಗಿದೆ ಅಂತ ಕೇಳೋದು ಬಹಳ ಮುಖ್ಯ. ಕ್ರ್ಯಾಂಕ್ ಕೂಡ ಅಷ್ಟೇ. 0.25, 0.50 ಅಂತ ಹಂತ ಹಂತವಾಗಿ ಗ್ರೈಂಡ್ ಮಾಡ್ತಾ ಹೋದ್ರೆ ಒಂದು ದಿನ ಮಿತಿ ಮುಗಿಯುತ್ತೆ.

ಕೆಲಸ ಕೆಡೋದು ಹೆಚ್ಚಾಗಿ ಸಣ್ಣ ವಿಷಯದಲ್ಲಿ. ಬೋರ್ ಮಾಡಿ ಹೋನಿಂಗ್ ಆದ್ಮೇಲೆ ಗೋಡೆ ಮೇಲೆ ಕತ್ತರಿ ಗೆರೆ ಕಾಣ್ಬೇಕು, ಆಯಿಲ್ ನಿಲ್ಲೋದು ಅದರಲ್ಲೇ. ಆ ಗೆರೆಗಳಲ್ಲಿ ಕಲ್ಲಿನ ಪುಡಿ ಕೂತಿರುತ್ತೆ. ಬರೀ ಡೀಸೆಲ್‌ನಲ್ಲಿ ಒರೆಸಿದ್ರೆ ಅದು ಹೋಗಲ್ಲ. ಬಿಸಿನೀರು, ಸೋಪು ಹಾಕಿ ಬ್ರಷ್‌ನಲ್ಲಿ ತಿಕ್ಕಿ, ಬಿಳಿ ಬಟ್ಟೆಯಲ್ಲಿ ಒರೆಸಿದ್ರೆ ಬಟ್ಟೆ ಬಿಳಿಯಾಗೇ ಉಳೀಬೇಕು. ರಿಂಗ್‌ನ ಬಾಯಿ ಗ್ಯಾಪನ್ನ ಫೀಲರ್ ಗೇಜ್‌ನಲ್ಲಿ ನೋಡ್ಲೇಬೇಕು. ಹೆಡ್ ಕ್ರ್ಯಾಕ್ ಇದೆಯಾ ಅಂತ ಪ್ರೆಶರ್ ಟೆಸ್ಟ್ ಮಾಡಿಸ್ದೆ ಕೂರಿಸಬಾರದು. ಬೋಲ್ಟ್‌ಗಳನ್ನ ಪೈಪ್ ಹಾಕಿ ಅಂದಾಜಲ್ಲಿ ಬಿಗಿಯೋ ಬದಲು ಟಾರ್ಕ್ ರೆಂಚ್ ಬಳಸ್ಬೇಕು. ಟ್ಯಾಪೆಟ್ ಅಡ್ಜಸ್ಟ್‌ಮೆಂಟ್‌ಗೂ ಲೆಕ್ಕ ಇದೆ: 6ಬಿಟಿಯಲ್ಲಿ ಇನ್‌ಲೆಟ್‌ಗೆ 0.25, ಎಕ್ಸಾಸ್ಟ್‌ಗೆ 0.51 ಮಿ.ಮೀ.

ಕೆಲಸ ಮುಗಿದ್ಮೇಲೆ "ಇಂಜಿನ್ ಸೆಟ್ ಆಗ್ಲಿ" ಅಂತ ಗಂಟೆಗಟ್ಟಲೆ ಐಡ್ಲಿಂಗ್‌ನಲ್ಲಿ ಬಿಡೋ ಅಭ್ಯಾಸ ಹಲವು ಕಡೆ ಇದೆ. ಅದು ತಪ್ಪು. ರಿಂಗ್ ಕೂರೋಕೆ ಒಳಗೆ ಒತ್ತಡ ಬೇಕು, ಐಡ್ಲಿಂಗ್‌ನಲ್ಲಿ ಅದು ಸಿಗಲ್ಲ. ಅರ್ಧ ಲೋಡು ಹಾಕಿ, ವೇಗ ಬದಲಾಯಿಸ್ತಾ ಓಡಿಸೋದು, ಫುಲ್ ಲೋಡಿಗೆ ಆತುರ ಪಡದೆ ಇರೋದು, ಮೊದಲನೇ ಆಯಿಲ್ ಮತ್ತು ಫಿಲ್ಟರ್ ಬೇಗ ಬದಲಾಯಿಸೋದು ಸರಿಯಾದ ಕ್ರಮ.

ದುಡ್ಡಿನ ಲೆಕ್ಕ

ಒಂದು ಉದಾಹರಣೆ ತಗೊಳ್ಳೋಣ. 20 ವರ್ಷ ದಾಟಿದ ಆರು ಚಕ್ರದ ಲಾರಿ, ತಿಂಗಳಿಗೆ 4,000 ಕಿ.ಮೀ. ಓಡುತ್ತೆ ಅಂತ ಇಟ್ಕೊಳ್ಳಿ. ಇಂಜಿನ್ ಚೆನ್ನಾಗಿದ್ದಾಗ ಲೀಟರಿಗೆ 5 ಕಿ.ಮೀ. ಕೊಡ್ತಿತ್ತು, ಈಗ 4.5 ಕೊಡ್ತಿದೆ. ಮೊದಲು 800 ಲೀಟರ್ ಸಾಕಿತ್ತು, ಈಗ 889 ಲೀಟರ್ ಬೇಕು. ಲೀಟರಿಗೆ 91 ರೂ. ಅಂದ್ರೂ 89 ಲೀಟರಿಗೆ ಸುಮಾರು 8,100 ರೂ. ತಿಂಗಳಿಗೆ 8 ಲೀಟರ್ ಇಂಜಿನ್ ಆಯಿಲ್ ಹೆಚ್ಚುವರಿ ಹಾಕ್ತಿದ್ರೆ, ಲೀಟರಿಗೆ 350 ರೂ. ಲೆಕ್ಕದಲ್ಲಿ 2,800 ರೂ. ಒಟ್ಟು 10,900 ರೂ. ಪ್ರತಿ ತಿಂಗಳು ಸೈಲೆನ್ಸರ್‌ನಿಂದ ಹೊರಗೆ ಹೋಗ್ತಿದೆ.

ಫುಲ್ ಇಂಜಿನ್ ಕೆಲಸಕ್ಕೆ 2 ಲಕ್ಷ ಆಗುತ್ತೆ ಅಂತ ಇಟ್ಕೊಂಡ್ರೆ ಆ ದುಡ್ಡು ವಾಪಸ್ ಬರೋಕೆ ಹದಿನೆಂಟು ತಿಂಗಳು ಬೇಕು. ಆ ಅವಧಿಯಲ್ಲಿ ಒಂದೋ ಎರಡೋ ಎಫ್‌ಸಿ ಬರುತ್ತೆ. ಅಂದ್ರೆ ಗಾಡಿ ಕನಿಷ್ಠ ಎರಡು ವರ್ಷ ಎಫ್‌ಸಿ ಪಾಸ್ ಆಗುತ್ತೆ ಅನ್ನೋ ನಂಬಿಕೆ ಇದ್ರೆ ಮಾತ್ರ ಫುಲ್ ಇಂಜಿನ್‌ಗೆ ಕೈ ಹಾಕ್ಬೇಕು. ಚಾಸಿಸ್ ಬಿರುಕು ಬಿಟ್ಟಿದೆ, ಕ್ಯಾಬಿನ್ ತುಕ್ಕು ಹಿಡಿದಿದೆ, ಸ್ಟೇರಿಂಗ್, ಬ್ರೇಕ್ ಎಲ್ಲಕ್ಕೂ ಖರ್ಚಿದೆ ಅಂದ್ರೆ ಇಂಜಿನ್‌ಗೆ ದುಡ್ಡು ಸುರಿಯೋದು ದಂಡ. ತುಂಬಾ ಜನ ಎಡವೋದು ಇಲ್ಲೇ. ಮೊದಲು ಇಂಜಿನ್ ಮಾಡಿಸ್ತಾರೆ, ಎಫ್‌ಸಿಗೆ ಹೋದಾಗ ಉಳಿದಿದ್ದು ಗೊತ್ತಾಗುತ್ತೆ. ಗಾಡಿಯನ್ನ ಮೊದಲು ಪೂರ್ತಿ ಚೆಕ್ ಮಾಡಿಸಿ, ಆಮೇಲೆ ಇಂಜಿನ್ ಇಳಿಸೋದು ಸರಿಯಾದ ದಾರಿ.

ಇನ್ನೊಂದು ಕಡೆ ಹೊಸ ಲಾರಿ ನೋಡಿ. ತೆರಿಗೆ ಬಿಟ್ಟು 20 ಲಕ್ಷದ ಗಾಡಿಗೆ ಮೊದಲು 5.60 ಲಕ್ಷ ಜಿಎಸ್‌ಟಿ ಇತ್ತು, ಈಗ 3.60 ಲಕ್ಷ. 2 ಲಕ್ಷ ಉಳೀತು, ಇದು ಸಣ್ಣ ಮೊತ್ತ ಅಲ್ಲ. ಆದ್ರೆ 20 ಲಕ್ಷ ಸಾಲಕ್ಕೆ ಶೇ. 10 ಬಡ್ಡಿಯಲ್ಲಿ ಐದು ವರ್ಷದ ಕಂತು ತಿಂಗಳಿಗೆ ಸುಮಾರು 42,500 ರೂ. ಹಳೇ ಲಾರಿಗೆ 2 ಲಕ್ಷ ಇಂಜಿನ್, ಎರಡು ವರ್ಷದ ಎಫ್‌ಸಿ ಶುಲ್ಕ 50,000 ಸೇರಿಸಿ ಎರಡು ವರ್ಷಕ್ಕೆ ಹಂಚಿದ್ರೆ ತಿಂಗಳಿಗೆ 10,400 ರೂ. ಆಸುಪಾಸು.

ಇಲ್ಲೇ ಸರ್ಕಾರದ ಲೆಕ್ಕ ತಪ್ಪೋದು. ತಿಂಗಳಿಗೆ 4,000 ಕಿ.ಮೀ. ಓಡಿಸೋ ಒಂಟಿ ಮಾಲೀಕನಿಗೆ 25,000 ರೂ. ಶುಲ್ಕ ಹಾಕಿದ್ರೂ ಹೊಸ ಲಾರಿ ಕಂತು ಕಟ್ಟೋ ಶಕ್ತಿ ಬರಲ್ಲ. ದುಡಿಮೆ ಅಷ್ಟು ಇಲ್ಲ. ಒಂದೋ ಅವನು ಹಳೇ ಗಾಡಿಯನ್ನೇ ಹೇಗೋ ತಳ್ಳಿಕೊಂಡು ಹೋಗ್ತಾನೆ, ಇಲ್ಲಾ ಮಾರಿ ಬೇರೆಯವರ ಗಾಡಿಗೆ ಡ್ರೈವರ್ ಆಗ್ತಾನೆ. ತಿಂಗಳಿಗೆ ಹತ್ತು ಹನ್ನೆರಡು ಸಾವಿರ ಕಿ.ಮೀ. ಓಡಿಸೋ, ವಾಪಸ್ ಬರೋವಾಗಲೂ ಲೋಡ್ ಗ್ಯಾರಂಟಿ ಇರೋ ದೊಡ್ಡ ಟ್ರಾನ್ಸ್‌ಪೋರ್ಟ್‌ನವರಿಗೆ ಹೊಸ ಗಾಡಿ ಲಾಭವೇ. ಶುಲ್ಕದಿಂದ ಆಗೋ ಬದಲಾವಣೆ ಅಂದ್ರೆ ಗಾಡಿಗಳು ಸಣ್ಣವರ ಕೈಯಿಂದ ದೊಡ್ಡವರ ಕೈಗೆ ಹೋಗೋದು.

ಅಂಗಡಿಯವರಿಗೆ ಏನು ಸಂಬಂಧ

ಚಿತ್ರದುರ್ಗದಿಂದ ಬೆಂಗಳೂರು ಸುಮಾರು 200 ಕಿ.ಮೀ. ದೊಡ್ಡ ಕಂಪನಿ ಲಾರಿ ಹೆದ್ದಾರಿ ಮೇಲೆ ಫುಲ್ ಲೋಡ್ ಸಿಕ್ಕಿದ್ರೆ ಬರುತ್ತೆ. ಮೊಳಕಾಲ್ಮೂರಿನ ಹಳ್ಳಿಗೆ ಮೂರು ಟನ್ ಸಿಮೆಂಟ್, ಎರಡು ಟನ್ ಗೊಬ್ಬರ, ದಾರಿಯಲ್ಲಿ ನಾಲ್ಕು ಅಂಗಡಿಗೆ ಇಳಿಸ್ಕೊಂಡು ಹೋಗು ಅಂದ್ರೆ ಬರಲ್ಲ. ಅಂಥಾ ಬಾಡಿಗೆ ಮಾಡೋದು ಸಾಲ ತೀರಿದ ಹಳೇ ಲಾರಿಗಳೇ. ಕಂತು ಇಲ್ಲ ಅನ್ನೋ ಕಾರಣಕ್ಕೆ ಕಮ್ಮಿ ಬಾಡಿಗೆಗೆ ಬರ್ತಾರೆ. ಫೋನ್ ಮಾಡಿದ್ರೆ "ಸಾವ್ಕಾರ್ರೆ, ಸಂಜೆ ಬರ್ತೀನಿ" ಅನ್ನೋ ಪರಿಚಯದವರು.

ಈ ಗಾಡಿಗಳು ಕಮ್ಮಿ ಆದ್ರೆ ಒಳರಸ್ತೆ ಬಾಡಿಗೆ ಏರುತ್ತೆ, ಸೀಸನ್‌ನಲ್ಲಿ ಈರುಳ್ಳಿ ರೈತನಿಗೆ ಲಾರಿ ಕಾಯೋ ದಿನ ಜಾಸ್ತಿ ಆಗುತ್ತೆ. ಈರುಳ್ಳಿ ಕಾಯಲ್ಲ, ಕೊಳೆಯುತ್ತೆ. ಬಾಡಿಗೆಯಲ್ಲಿ ನೂರಿನ್ನೂರು ಚೌಕಾಸಿ ಮಾಡೋ ಮೊದಲು ಇದನ್ನೂ ಯೋಚಿಸ್ಬೇಕು.

ಹಾಗಂತ ಹೊಗೆ ಬಿಟ್ಕೊಂಡು ಓಡ್ಲಿ ಅನ್ನೋಕಾಗಲ್ಲ

ಇನ್ನೊಂದು ಕಡೆ ವಾದವೂ ಗಟ್ಟಿ ಇದೆ. 2017ರ ಏಪ್ರಿಲ್‌ನಿಂದ ದೇಶಪೂರ್ತಿ ಬಿಎಸ್-4, 2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಬಂತು. ಅದಕ್ಕೆ ಮುಂಚಿನ ಇಂಜಿನ್ ಎಷ್ಟೇ ಚೆನ್ನಾಗಿ ರಿಪೇರಿ ಮಾಡಿದ್ರೂ ಹೊಸದರಷ್ಟು ಸ್ವಚ್ಛ ಆಗಲ್ಲ. ಸವೆದ ಇಂಜಿನ್ ಆದ್ರಂತೂ ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಯವರು ದಿನವಿಡೀ ಆ ಹೊಗೆ ಕುಡೀಬೇಕು. ಬ್ರೇಕ್ ಹಿಡಿಯದ ಹಳೇ ಲಾರಿ ಹೆದ್ದಾರಿಯಲ್ಲಿ ಏನು ಮಾಡುತ್ತೆ ಅಂತ ಎನ್‌ಎಚ್-48 ಪಕ್ಕದ ಊರಿನವರಿಗೆ ಹೇಳಿಕೊಡ್ಬೇಕಿಲ್ಲ.

ಹೊಗೆ ಪರೀಕ್ಷೆಗೆ ಮಾನದಂಡ ಈಗಾಗಲೇ ಇದೆ. ಬಿಎಸ್-4ಕ್ಕಿಂತ ಹಳೇ ಡೀಸೆಲ್ ಗಾಡಿಗೆ 65 ಹಾರ್ಟ್ರಿಡ್ಜ್ ಯೂನಿಟ್, ಬಿಎಸ್-4 ಗಾಡಿಗೆ 50 ಯೂನಿಟ್ ಮಿತಿ. ಸರಿಯಾಗಿ ಬೋರ್ ಆಗಿ, ಪಂಪ್ ಕ್ಯಾಲಿಬ್ರೇಶನ್ ಆದ ಹಳೇ ಇಂಜಿನ್ ಈ ಮಿತಿಯೊಳಗೆ ಬರುತ್ತೆ. ಸವೆದಿದ್ದು ಬರಲ್ಲ. ಅಂದ್ರೆ ಯಾವ ಗಾಡಿ ಕೆಟ್ಟದ್ದು ಅಂತ ಮೆಷಿನ್ ಹೇಳಬಲ್ಲದು. ಆದ್ರೆ ಶುಲ್ಕ ನಿಗದಿ ಆಗಿರೋದು ವಯಸ್ಸಿನ ಮೇಲೆ. ಎರಡು ಲಕ್ಷ ಹಾಕಿ ಇಂಜಿನ್ ಸರಿ ಮಾಡಿಸಿದವನೂ 25,000 ಕಟ್ತಾನೆ, ಏನೂ ಮಾಡಿಸ್ದೆ ಹೇಗೋ ಪಾಸ್ ಮಾಡಿಸ್ಕೊಂಡವನೂ ಅಷ್ಟೇ ಕಟ್ತಾನೆ. ಸರಿ ಮಾಡಿಸೋರಿಗೆ ಇದರಲ್ಲಿ ಯಾವ ಪ್ರೋತ್ಸಾಹವೂ ಇಲ್ಲ. ಉಲ್ಟಾ, ಶುಲ್ಕಕ್ಕೆ ಹೋದ ದುಡ್ಡು ರಿಪೇರಿಗೆ ಕಮ್ಮಿ ಆಗುತ್ತೆ.

ಹೊಗೆ, ಬ್ರೇಕ್ ಪರೀಕ್ಷೆಯಲ್ಲಿ ಚೆನ್ನಾಗಿ ಪಾಸ್ ಆದ ಗಾಡಿಗೆ ಶುಲ್ಕದಲ್ಲಿ ವಿನಾಯಿತಿ ಕೊಟ್ಟು, ಫೇಲ್ ಆದದ್ದನ್ನ ಮುಲಾಜಿಲ್ಲದೆ ನಿಲ್ಲಿಸಿದ್ರೆ ಎರಡೂ ಕೆಲಸ ಆಗುತ್ತೆ. ರಾಜ್ಯದ ಲಾರಿ ಸಂಘಗಳು ಬರೀ "ಶುಲ್ಕ ಇಳಿಸಿ" ಅನ್ನೋ ಬದಲು ಈ ಬೇಡಿಕೆ ಇಟ್ರೆ ಸಾರ್ವಜನಿಕರೂ ಜೊತೆಗೆ ನಿಲ್ತಾರೆ.

ಲೇತ್ ಅಂಗಡಿ ಹುಡುಗರ ಮುಂದಿನ ದಾರಿ

ಈ ಕಥೆಯಲ್ಲಿ ಯಾರೂ ಮಾತಾಡದ ಇನ್ನೊಂದು ಗುಂಪಿದೆ. ಗ್ಯಾರೇಜ್, ಲೇತ್, ಪಂಪ್ ಸರ್ವಿಸ್, ರೇಡಿಯೇಟರ್ ಬೆಸುಗೆ, ಸ್ಪೇರ್ ಅಂಗಡಿಯವರು. ಹಳೇ ಮೆಕ್ಯಾನಿಕಲ್ ಪಂಪ್ ಇಂಜಿನನ್ನ ಇವರು ಕಣ್ಣುಮುಚ್ಚಿ ಬಿಚ್ಚಿ ಜೋಡಿಸ್ತಾರೆ. ಬಿಎಸ್-6 ಲಾರಿಯಲ್ಲಿ ಕಾಮನ್ ರೈಲ್, ಕಂಪ್ಯೂಟರ್, ಹತ್ತಾರು ಸೆನ್ಸರ್, ಹೊಗೆ ಶುದ್ಧ ಮಾಡೋಕೆ ಯೂರಿಯಾ ದ್ರವ. ಸ್ಕ್ಯಾನರ್ ಇಲ್ದೆ ಅದರ ಹತ್ರ ಹೋಗೋಕಾಗಲ್ಲ. ಐಟಿಐಗಳಲ್ಲಿ ಹಳೇ ಮೇಸ್ತ್ರಿಗಳಿಗೆ ಸಂಜೆ ಹೊತ್ತು ಬಿಎಸ್-6 ತರಬೇತಿ ಕೊಟ್ರೆ ಮುಂದಿನ ಹತ್ತು ವರ್ಷ ಈ ಕೆಲಸ ಜಿಲ್ಲೆಯಲ್ಲೇ ಉಳಿಯುತ್ತೆ. ಇಲ್ದಿದ್ರೆ ಲಾರಿ ಕೆಟ್ಟಾಗಲೆಲ್ಲ ದೊಡ್ಡ ಊರಿನ ಶೋರೂಮಿಗೆ ಎಳೆಸ್ಕೊಂಡು ಹೋಗ್ಬೇಕು, ಆ ಖರ್ಚೂ ಬಾಡಿಗೆ ಮೇಲೇ ಬೀಳುತ್ತೆ.

ಇಂಜಿನ್ ಇಳಿಸೋ ಮೊದಲು

ಮಾಲೀಕರು ನೆನಪಿಡ್ಬೇಕಾದ ಕೆಲವು ವಿಷಯ:

ಮೊದಲು ಏರ್ ಫಿಲ್ಟರ್, ನಾಝಲ್, ಪಂಪ್, ಟರ್ಬೊ ನೋಡಿಸಿ. ಆರೂ ಸಿಲಿಂಡರ್ ಕಂಪ್ರೆಶನ್ ಅಳೆಸಿ, ಬರೆದು ಇಟ್ಕೊಳ್ಳಿ.

ಚಾಸಿಸ್, ಬ್ರೇಕ್, ಸ್ಟೇರಿಂಗ್, ಬಾಡಿ ಎರಡು ಎಫ್‌ಸಿ ತಡೆಯುತ್ತಾ ಅಂತ ಮೊದಲೇ ಪರೀಕ್ಷೆ ಮಾಡಿಸಿ. ಆ ದಿನದ ಶುಲ್ಕ ಎಷ್ಟು ಅಂತ ಏಜೆಂಟರನ್ನ ಅಲ್ಲ, ಆರ್‌ಟಿಓ ಕೌಂಟರ್‌ನಲ್ಲೇ ಕೇಳಿ.

ಬೋರ್, ಕ್ರ್ಯಾಂಕ್ ಅಳತೆ ಕಣ್ಣೆದುರೇ ತೆಗೆಸಿ. ಪಿಸ್ಟನ್, ರಿಂಗ್, ಬೇರಿಂಗ್‌ಗೆ ಜಿಎಸ್‌ಟಿ ಬಿಲ್ ತಗೊಳ್ಳಿ. ಬಿಲ್ ಇಲ್ಲದ ಮಾಲು ನಕಲಿ ಆಗಿದ್ರೆ ಯಾರನ್ನ ಕೇಳ್ತೀರಿ?

ಸೆಕೆಂಡ್ ಹ್ಯಾಂಡ್ ಇಂಜಿನ್ ಅಥವಾ ಬ್ಲಾಕ್ ಅಗ್ಗಕ್ಕೆ ಸಿಗ್ತು ಅಂತ ಹಾಕಿಸ್ಬೇಡಿ. ಇಂಜಿನ್ ನಂಬರ್ ಆರ್‌ಸಿಯಲ್ಲಿರುತ್ತೆ. ಆರ್‌ಟಿಓ ಅನುಮತಿ ಪಡೆದು ಆರ್‌ಸಿಯಲ್ಲಿ ಬದಲಾಯಿಸ್ದೆ ಇದ್ರೆ ಎಫ್‌ಸಿ ನಿಲ್ಲುತ್ತೆ. ಆ ಇಂಜಿನ್ ಕಳ್ಳಮಾಲಾಗಿದ್ರೆ ಪೊಲೀಸ್ ಕೇಸೂ ಆಗಬಹುದು.

ಸೀಸನ್ ಶುರು ಆಗೋಕೆ ಎರಡು ತಿಂಗಳು ಮೊದಲೇ ಕೆಲಸ ಮುಗಿಸ್ಕೊಳ್ಳಿ. ಸೀಸನ್ ನಡುವೆ ಲೇತ್‌ನಲ್ಲಿ ಕ್ಯೂ, ಗ್ಯಾರೇಜಿನಲ್ಲಿ ಆತುರ. ಆತುರದಲ್ಲಿ ಮುಚ್ಚಿದ ಇಂಜಿನ್ ಮತ್ತೆ ಬಿಚ್ಚೋದು ಗ್ಯಾರಂಟಿ.

ಎಲ್ಲ ಲೆಕ್ಕ ಹಾಕಿದ್ಮೇಲೂ ಕೂಡಿ ಬರ್ಲಿಲ್ಲ ಅಂದ್ರೆ ಗಾಡಿ ಮೇಲಿನ ಮಮತೆ ಬಿಟ್ಟು ನೋಂದಾಯಿತ ಗುಜರಿ ಕೇಂದ್ರಕ್ಕೇ ಕೊಟ್ಟು ಸರ್ಟಿಫಿಕೇಟ್ ತಗೊಳ್ಳೋದು ಒಳ್ಳೇದು. ರಸ್ತೆ ಬದಿ ಗುಜರಿಗೆ ಹಾಕಿ ಆರ್‌ಸಿ ರದ್ದು ಮಾಡಿಸ್ದೆ ಬಿಟ್ರೆ ಗಾಡಿ ಇಲ್ದಿದ್ರೂ ತೆರಿಗೆ ನೋಟಿಸ್ ಮನೆಗೆ ಬರ್ತಾ ಇರುತ್ತೆ.